ಬೆಚ್ಚನ ಮಣ್ಣು

ನಾ ಒಂದಕ್ಕ ಹತ್ತು ಸೇರಿಸಿ ಹೇಳಾಂವ ಅಂತ ಶಿಗ್ಗಾಂವಿ ಮಂದಿಗೆಲ್ಲಾ ಗೊತ್ತೈತ್ರಿ. ಇದಕ್ಕ ಮಾತ್ರ ಏನೂ ಸೇರಿಸಿಲ್ಲ.

ದುಂಡಸಿ ರಾಜಶ್ರೀ ಅಕ್ಕಾರು ಮಾಲಿ ಕೆಲಸ ಮಾಡೂ ನನಗ, ತಮ್ಮ ಮನಿ ಮುಂದ ಹೂವಿನ ತೋಟ ಮಾಡಿಕೊಡು ಅಂದ್ರು. ಅವರ ಕೂಸು ಮೂರು ತಿಂಗಳದ್ದು ಇದ್ದಾಗ ತೀರಿಕೊಂಡಿತ್ತು. ಆವತ್ತಿನಿಂದ ಓಣಿ ಹೆಣ್ಮಕ್ಕಳು ಅಪಶಕುನ ಅಂತ ಆ ಮನಿಗೆ ಬರೂದ ಬಿಟ್ಟಿದ್ರು.

"ಚಂದ ಕಂಡ್ರ ನಾಕು ಮಂದಿ ಒಳಗ ಬರ್ತಾರಪಾ."

"ಟಿಕೆಟ್ ಇಡಬೇಕಾಗ್ತೈತಿ, ನೋಡ್ರಿ" ಅಂದೆ. ಅಕ್ಕಾರು ಸ್ವಲ್ಪ ನಕ್ರು.

ಮಲ್ಲಿಗಿ, ದಾಸವಾಳ ಎಲ್ಲಾ ಬೇರು ಹಿಡದು ಹತ್ತಿದ್ವು. ಬಾಗಲದ ಬಾಜು ಕೂಸಿಗೆ ಎರದ ನೀರು ಹೋಗೂ ತಗ್ಗಿತ್ತು. ಅದನ್ನ ಮುಚ್ಚಿ ಗುಲಾಬಿ ಹಚ್ಚಿದೆ. ಮೂರು ದಿನಕ್ಕ ಒಣಗಿತು. ಕಿತ್ತು ನೋಡಿದ್ರ ಬೇರು ಬದನಿಕಾಯಿಗತೆ ಮೆತ್ತಗ ಬೆಂದಿತ್ತು. ಮಣ್ಣು ಹಸಿ ಇತ್ತು, ಬೆಚ್ಚಗಿತ್ತು. ಕೊಬ್ಬರಿ ಎಣ್ಣಿ, ಕೂಸಿಗೆ ಎರದ ಮ್ಯಾಲ ಹೊಗಿ ಹಾಕೂ ಲೋಬಾನದ ವಾಸನಿ ಹೊಡೀತಿತ್ತು.

"ಅಕ್ಕಾರ, ಇಲ್ಲಿ ಬಿಸಿನೀರು ಚೆಲ್ಲಬ್ಯಾಡ್ರಿ."

"ನಾ ಹಂಡೇಕ ಉರಿ ಹಾಕಿ ಎರಡು ವರ್ಷಾತು. ತಣ್ಣೀರಾಗ ಜಳಕ ಮಾಡ್ತೇನಿ."

ಎರಡು ಮೊಳ ಮಣ್ಣು ತಗದು ಒಗದು, ಕೆರಿ ಮಣ್ಣು ತುಂಬಿದೆ. ಮರುದಿನ ಮುಂಜಾನೆ ಎಂಟಕ್ಕ ಮುಟ್ಟಿದ್ರ ಅದೂ ಬೆಚ್ಚಗ. ಮೊಳಕೈ ಅದ್ದಿ ನೋಡಿ ಕೂಸಿಗೆ ಎರೀತಾರಲ್ಲ, ಅಷ್ಟ ಬಿಸಿ. ಮಧ್ಯಾಹ್ನಕ್ಕ ತಣ್ಣಗಾತು.

"ಎಂಟಕ್ಕ ಎರೀತಿದ್ವಿ" ಅಂದ್ರು ಅಕ್ಕಾರು.

ತೋಟ ಚಂದ ಆಗೇತಿ, ಯಾರೂ ಬಂದಿಲ್ಲ. ಅಕ್ಕಾರೊಬ್ಬರ ದಿನಾ ಎಂಟಕ್ಕ ಆ ಮಣ್ಣಾಗ ಕೈ ಇಟ್ಟು ಕುಂದರ್ತಾರ. ನನ್ನ ಕಂಡ್ರ "ಇನ್ನೊಂದು ಗುಲಾಬಿ ತಾರಪಾ" ಅಂತಾರ.

ಇಲ್ಲೀತನಕ ಹನ್ನೊಂದು ಒಯ್ದೇನಿ. ಹನ್ನೊಂದೂ ಬೆಂದಾವ.