ಯಮನೂರಪ್ಪನ ಮುಕ್ಕಾಲಿ

೧೯೮೩ರ ಫೆಬ್ರುವರಿ ೧೦, ಗುರುವಾರ. ಬೆಳಿಗ್ಗೆ ೧೦.೨೦ಕ್ಕೆ ಮಾನ್ವಿ ಠಾಣೆಗೆ ಬಂದ ಯಮನೂರಪ್ಪನ ಮುಖ ಬಿಳಿಚಿಕೊಂಡಿತ್ತು. ಅಕ್ಕಿ ಗಿರಣಿಗಳಿಗೆ ಬೋರ್ಡು ಬರೆಯುವ ಪೇಂಟರ್ ಅವನು.

“ಸಾಹೇಬ್ರ, ನಿನ್ನಿ ಪರ ಊರಿಗೆ ಹೋಗಿದ್ದೆ, ಬಂದು ನೋಡಿದ್ರ ನನ್ನ ಮುಕ್ಕಾಲಿ ಕಳುವಾಗೇದ. ಶನಿವಾರ ರಾಯಚೂರಿಗೆ ಮುಟ್ಟದಿದ್ರ ನನ್ನ ಕತಿ ಮುಗೀತು.”

ಹೆಡ್ ಕಾನ್‌ಸ್ಟೇಬಲ್ ಲಾಲ್ ಸಾಬ್‌ನ ಅಕ್ಷರ ದುಂಡಗೆ, ತಾಳ್ಮೆ ಅಷ್ಟಕ್ಕಷ್ಟೇ. ಎತ್ತರವೊಂದನ್ನೇ ಕೇಳಿ ‘ಮೂರಡಿ ಎತ್ತರದ ಮುಕ್ಕಾಲಿ ಒಂದು’ ಎಂದು ಎಫ್‌ಐಆರ್ ಬರೆದ. ಯಮನೂರಪ್ಪ ಓದದೇ ಸಹಿ ಹಾಕಿದ.

೧೧.೩೦ಕ್ಕೆ ಸಬ್ ಇನ್‌ಸ್ಪೆಕ್ಟರ್ ವಿರೂಪಣ್ಣ ಅಂಗಡಿಗೆ ಹೋದಾಗ ಕಂಡಿದ್ದು ಖಾಲಿ ಚೌಕಟ್ಟು. ಅದಕ್ಕೆ ಬಿಗಿದಿದ್ದ ಚಿತ್ರದ ಬಟ್ಟೆಯನ್ನು ಯಾರೋ ಬ್ಲೇಡಿನಿಂದ ನೀಟಾಗಿ ಕೊಯ್ದು ಒಯ್ದಿದ್ದರು. ಕಳುವಾದದ್ದು ಕೂರುವ ಸ್ಟೂಲಲ್ಲ! ಹಳೆಯ ಇಂಗ್ಲಿಷ್ ಕತೆಯೊಂದರಲ್ಲಿ ಮಂಗಳ ಗ್ರಹದಿಂದ ಬಂದು ಊರು ಸುಡುವ ಮೂರು ಕಾಲಿನ ಯುದ್ಧಯಂತ್ರದ ಚಿತ್ರ. ರಾಯಚೂರಿನ ಪ್ರೆಸ್ಸೊಂದು ಆ ಕತೆಯನ್ನು ಕನ್ನಡಕ್ಕೆ ತರುತ್ತಿತ್ತು. ಪೆನ್ಸಿಲ್ ನಮೂನೆ ಕಳಿಸಿದವರಲ್ಲಿ ಮುಖಪುಟಕ್ಕೆ ಆಯ್ಕೆಯಾದವನು ಯಮನೂರಪ್ಪ. ಹದಿನೈದು ವರ್ಷ ಬೇರೆಯವರ ಹೆಸರು ಬರೆದವನ ಹೆಸರು ಮೊದಲ ಸಲ ಅಚ್ಚಾಗುವುದಿತ್ತು.

ಲಾಲ್ ಸಾಬ್‌ಗೆ ಸರಿಯಾಗಿ ಬೈಗುಳ ಬಿತ್ತು. ಪಂಚನಾಮೆಯಲ್ಲಿ ‘ಚಿತ್ರ’ ಎಂದೇ ಬರೆಸಿದ ವಿರೂಪಣ್ಣ ಆಮೇಲೆ ಹೇಳಿದ: “ಹೊರಗ ಮಾತ್ರ ಮುಕ್ಕಾಲಿ ಅಂತನಾ ಕೇಳೋಣು.”

ಯಮನೂರಪ್ಪನ ಕಡೆ ತಿರುಗಿದ. “ಆ ಕತಿ ನಿನಗ ಯಾರು ಹೇಳಿದ್ರು?”

“ದೇವದುರ್ಗದ ಮಲ್ಲಯ್ಯ ಮಾಸ್ತರ್ರೀ. ಬ್ರಶ್ ಹಿಡಿಯೋದು ಕಲಿಸಿದವ್ರೂ ಅವರಾ. ಇಂಗ್ಲಿಷ್ ನನಗೆಲ್ಲಿ ಬರ್ತದ್ರೀ?”

“ಅವ್ರೂ ನಮೂನಿ ಕಳಿಸಿದ್ರೇನು?”

“ಕಳಿಸಿದ್ರು. ವಾಪಸ್ ಬಂತ್ರೀ.” ಯಮನೂರಪ್ಪ ತಲೆ ತಗ್ಗಿಸಿದ.

ಎದುರಿನ ಚಹಾದಂಗಡಿಯ ಖಾಸಿಂ ಬೀ, “ಮುಕ್ಕಾಲಿ? ಕಟ್ಟಿಗೀದೋ ಕಬ್ಬಿಣದ್ದೋ?” ಎಂದಳು. ಗಿರಣಿ ಮಾಲೀಕ ದೊಡ್ಡಪ್ಪ ಕೇಳಿದ್ದೂ ಅದನ್ನೇ. ಹಳೆಯದೊಂದು ಸ್ಟೂಲು ತಾನೇ ಕೊಡುತ್ತೇನೆ, ಕೇಸು ಬಿಡಿ ಎಂದೂ ಸೇರಿಸಿದ.

ಶುಕ್ರವಾರ ಬೆಳಿಗ್ಗೆ ೯ಕ್ಕೆ ದೇವದುರ್ಗ. ಶಾಲೆಯ ಹಾಜರಿ ಪುಸ್ತಕದಲ್ಲಿ ಡ್ರಾಯಿಂಗ್ ಮಾಸ್ತರ ಮಲ್ಲಯ್ಯನಿಗೆ ಬುಧವಾರದಿಂದ ರಜೆ. ವಿರೂಪಣ್ಣ, ಲಾಲ್ ಸಾಬ್ ಇಬ್ಬರೂ ಅವನ ಮನೆಗೆ ನಡೆದರು.

“ಮಾನ್ವಿಗೆ ಯಾವಾಗ ಹೋಗಿದ್ರಿ?” ವಿರೂಪಣ್ಣ ಕೇಳಿದ.

“ದೀಪಾವಳಿ ಆದಮ್ಯಾಲ ಹೋಗಿಲ್ಲ.”

“ಯಮನೂರಪ್ಪ ಈಗ ಏನು ಮಾಡಾಕತ್ಯಾನ, ಗೊತ್ತದೇನು?”

“ಬೋರ್ಡು ಬರೀತಾನ. ಮತ್ತೇನು?”

“ಅವನ ಮುಕ್ಕಾಲಿ ಕಳುವಾಗೇದ.”

“ಆ ಬಟ್ಟಿ ತಗೊಂಡು ನಾನೇನು ಮಾಡ್ಲಿ?”

ಲಾಲ್ ಸಾಬ್ ಬರೆಯುವುದನ್ನು ನಿಲ್ಲಿಸಿದ. ವಿರೂಪಣ್ಣ ಮೆಲ್ಲಗೆ ಹೇಳಿದ: “ಬಟ್ಟಿ ಅಂತ ನಾವು ಅನ್ನಲಿಲ್ಲಲ್ರೀ ಮಾಸ್ತರ. ಮಾನ್ವಿಯೊಳಗ ಎಲ್ಲಾರೂ ಸ್ಟೂಲು ಅಂದ್ಕೊಂಡಾರ.”

೧೦.೧೫ಕ್ಕೆ ಒಳಕೋಣೆಯಲ್ಲಿ ಚಿತ್ರ ಸಿಕ್ಕಿತು. ಅದರ ಕೆಳಗೆ ಮಲ್ಲಯ್ಯನವೇ ಹನ್ನೊಂದು ಚಿತ್ರಗಳು. ತೋಪು, ಗಾಲಿ, ಹೊಗೆಕೊಳವೆ, ಎಲ್ಲವೂ ಅಚ್ಚುಕಟ್ಟು. ಯಾವುದನ್ನು ನೋಡಿದರೂ ಹೆದರಿಕೆ ಮಾತ್ರ ಆಗುತ್ತಿರಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಯಮನೂರಪ್ಪನ ಯಂತ್ರ ಕೋಲು ಊರಿ ನಿಂತ ಕುರುಬನಂತೆ ಕಾಲುವೆಯಾಚೆಯ ಭತ್ತದ ಗದ್ದೆಗಳ ಮೇಲೆ ನಿಂತಿತ್ತು. ಎರಡು ಕಾಲು, ಕೋಲೇ ಮೂರನೆಯದು. ಕೆಳಗೆ ಓಡುವ ಜನರನ್ನು ಅವಸರವಿಲ್ಲದೆ ಬಗ್ಗಿ ನೋಡುತ್ತಿತ್ತು, ಇವತ್ತು ಯಾವ ಕುರಿಯನ್ನು ಕಡಿಯಲಿ ಎಂಬಂತೆ. ಲಾಲ್ ಸಾಬ್ ಒಂದು ಹೆಜ್ಜೆ ಹಿಂದೆ ಸರಿದ.

೧೦.೪೦ಕ್ಕೆ ಬಂಧನ. ಮಲ್ಲಯ್ಯನ ಹೇಳಿಕೆ ಉದ್ದವಿರಲಿಲ್ಲ.

“ಇಪ್ಪತ್ತು ವರ್ಷ ಆ ಕತಿ ಓದೀನ್ರೀ. ಅವ ಒಮ್ಮೆ ಕೇಳಿದ, ಅದೂ ನನ್ನ ಬಾಯಿಲೆ. ನನ್ನ ಮಾತು ಅವನ ಕೈಗೆ ಹೋತು, ನನ್ನ ಕೈಗೆ ಬರಲಿಲ್ಲ. ಹೊಟ್ಟಿ ಉರೀತು. ಹರಿದು ಒಗೀಬೇಕಂತ ತಂದೆ, ಹರಿಯಾಕ ಮನಸ್ಸು ಬರಲಿಲ್ಲ.”

ಸಂಜೆ ೫ಕ್ಕೆ, ನ್ಯಾಯಾಲಯದ ಅನುಮತಿ ಪಡೆದು, ಮಾನ್ವಿ ಠಾಣೆಯಲ್ಲಿ ಚಿತ್ರವನ್ನು ಯಮನೂರಪ್ಪನಿಗೆ ಕೊಟ್ಟರು. ಶನಿವಾರದ ಮೊದಲ ಬಸ್ಸಿಗೆ ಅದು ರಾಯಚೂರಿಗೆ ಹೊರಡಲಿತ್ತು. ಆದರೆ ಯಮನೂರಪ್ಪ ಮನೆಗೆ ಹೋಗದೆ, ಬೆಂಚಿನ ಮೇಲೆ ಕೂತಿದ್ದ ಮಲ್ಲಯ್ಯನ ಮುಂದೆ ನಿಂತೇ ಬಿಟ್ಟ.

“ಕೇಳಿದ್ರ ನಾನಾ ಕೊಡ್ತಿದ್ನೆಲ್ರೀ ಗುರುಗಳ. ನಿಮ್ಮ ಹೆಸರಿಲೇ ಅಚ್ಚಾಗ್ಲಿ ಅಂತಿದ್ದೆ.”

“ಗೊತ್ತದಲೇ,” ಎಂದ ಮಲ್ಲಯ್ಯ, ಅವನ ಮುಖ ನೋಡದೆ. “ಅದಕ್ಕಾ ಕೇಳಲಿಲ್ಲ.”