ಅಜ್ಜನಿಗೆ ಹಿಡಿದ ನೆರಳು

ಇದು ನಾನೇ ನಿಂತು ಕಂಡದ್ದು. ವಡ್ಡು ಎಂಬ ಹಳ್ಳಿಯ ಹತ್ತಿರದ ನಮ್ಮೂರ ಗುಡ್ಡದ ಮೇಲೆ ಅಜ್ಜನ ಗದ್ದುಗೆಯಿದೆ. ಬರಗಾಲದಲ್ಲಿ ಒರತೆ ತೋರಿಸಿಕೊಟ್ಟು ಜೀವಂತ ಸಮಾಧಿಯಾದ ಜಂಗಮ ಆತ. "ನನ್ನ ಮ್ಯಾಲೆ ಬಿಸಿಲು ಬಿದ್ದ ದಿನ ಎದ್ದು ಹೊಕ್ಕೀನಿ, ನೀರೂ ನನ್ನ ಹಿಂದ ಬರ್ತಾವ" ಅಂದಿದ್ದನಂತೆ. ಅದಕ್ಕೇ ಗುಡಿಯ ಚಾವಣಿ ಬಿಚ್ಚುವಾಗೆಲ್ಲ ಗದ್ದುಗೆಯ ಮೇಲೆ ನಾಲ್ವರು ಕಂಬಳಿ ಹಿಡಿದು ನಿಲ್ಲುವುದು ನಮ್ಮಲ್ಲಿ ವಾಡಿಕೆ.

ಗಣಿ ಜೋರಾಗಿದ್ದ ಕಾಲ. ಅದಿರಿನ ಲಾರಿಗಳ ಅದುರಾಟಕ್ಕೆ ಚಾವಣಿಯ ಚಪ್ಪಡಿ ಬಿರಿದಿತ್ತು. ಬದಲಾಯಿಸುವ ದಿನ ನಾನು, ಅತ್ತೆ ಜಂಬವ್ವ, ಪೂಜಾರಿ ದೊಡ್ಡಬಸಪ್ಪ, ಲಾರಿ ಓಡಿಸುವ ಮೈದುನ ಹಾಲೇಶ ಒಂದೊಂದು ಮೂಲೆ ಹಿಡಿದೆವು. ಚಪ್ಪಡಿ ಸರಿದದ್ದೇ ಮಟಮಟ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಡಿಯಿತು. ಕಂಬಳಿಯ ಕೆಳಗಿಂದ ಮಾತ್ರ ಕಾಲಿಗೆ ತಣ್ಣನೆಯ ಗಾಳಿ ಬರುತ್ತಿತ್ತು.

"ಲೇ ಹಾಲ್ಯಾ, ಗಟ್ಟಿ ಹಿಡಿಯೋ. ಊರಿಗೆ ಕುಡಿಯಾಕ ಇರೋದು ಅದೊಂದ ನೀರು," ಅಂದರು ಅತ್ತೆ.

"ಹಿಡದೀನಬೇ. ಅಜ್ಜ ಏನ್ ಓಡಿ ಹೊಕ್ಕಾನೇನು?"

ಅಷ್ಟರಲ್ಲಿ ಕೆಳಗೆ ಗಣಿಯಲ್ಲಿ ಬ್ಲಾಸ್ಟ್ ಮಾಡಿದರು. ನೆಲ ನಡುಗಿತು. ಹಾಲೇಶ ಬೆಚ್ಚಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

ಕಂಬಳಿ ಬೀಳಲಿಲ್ಲ. ಅವನು ಬಿಟ್ಟ ಮೂಲೆ ಇದ್ದಲ್ಲೇ ಬಿಗಿಯಾಗಿ ನಿಂತಿತ್ತು.

"ಹಿಡ್ಕೋ ತಮ್ಮಾ," ಪೂಜಾರಿ ಪಿಸುಗುಟ್ಟಿದರು.

ಹಾಲೇಶ ಕೈಚಾಚಿ ಹಿಡಿದು ಎಳೆದ. ಅವನ ಮುಖ ಬಿಳಚಿಕೊಂಡಿತು. "ಅತ್ತಿಗೀ... ಯಾರೋ ಬಿಡವಲ್ರು."

ಹೊಸ ಚಪ್ಪಡಿ ಕೂತಿತು. ಒರತೆ ಇನ್ನೂ ಬತ್ತಿಲ್ಲ. ಆದರೂ ಅತ್ತೆ ಬೆಳಗಾದರೆ ಮೊದಲು ಅಲ್ಲಿಗೆ ಹೋಗಿ, ನೀರಿಗೆ ಕೈಯದ್ದಿ ನೋಡಿ ಬರುತ್ತಾರೆ.

"ಗದ್ದಿಗಿಗೆ ಬಿಸಿಲು ಬೀಳಲಿಲ್ಲ, ಖರೇ. ಆದ್ರ ಹಾಲ್ಯಾ ಬಿಟ್ಟ ಆ ಮೂಲಿ ಹಿಡದಾತ ಬಿಸಲಾಗ ನಿಂತಿದ್ನಲ್ಲವಾ," ಅನ್ನುತ್ತಾರೆ.