ಊಟದ ಗಂಟೆ

ರಾಯದುರ್ಗದ ಹತ್ತಿರ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ನಾನು. ಒಬ್ಬ ಬಂದೂಕು ತಂದು ಮಕ್ಕಳನ್ನು ಕೊಂದ ಹನ್ನೊಂದನೇ ದಿನ, ಮಧ್ಯಾಹ್ನ, ಶಾಲೆಯ ಅಂಗಳದಲ್ಲೇ ಎಡೆ ಇಟ್ಟೆವು. ಅವರಿಗಿಷ್ಟವೆಂದು ಮೊಟ್ಟೆಯನ್ನೂ ಇಟ್ಟಿದ್ದೆ. ಕಾಗೆಗಳು ಗೋಡೆಯ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ಅಂಥ ಉರಿಬಿಸಿಲಲ್ಲೂ ಕಾಲಡಿಯ ನೆಲ ತಣ್ಣಗಿತ್ತು.

"ಕಾಗಿ ಯಾಕ ಮುಟ್ಟವಲ್ಲವು, ಹೊನ್ನಕ್ಕಾ?" ಎಂದು ಮಗಳನ್ನು ಕಳೆದುಕೊಂಡ ತಿಪ್ಪೇರುದ್ರ ಅತ್ತ.

"ಊಟದ ಗಂಟಿ ಹೊಡಿಯೋಕಿಂತ ಮೊದ್ಲ ನಮ್ಮ ಹುಡುಗ್ರು ಯಾವತ್ತರ ಉಂಡಾರೇನ್ರಿ?" ಬಾಯಿತಪ್ಪಿ ಅಂದುಬಿಟ್ಟೆ.

ತಲೆಯ ಮೇಲೆಯೇ ಗಂಟೆ ಢಣ್ ಎಂದಿತು. ಕಾಗೆಗಳು ಒಂದರ ಹಿಂದೊಂದು, ಸಾಲು ಮುರಿಯದೆ ಇಳಿದು ಬಂದವು. ಕತ್ತೆತ್ತಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಗುಂಡು ತಗುಲಿದ ಆ ಗಂಟೆಯನ್ನು ಪೊಲೀಸರು ಮಕ್ಕಳು ಸತ್ತ ದಿನವೇ ಸಾಕ್ಷಿಗೆಂದು ಬಿಚ್ಚಿಕೊಂಡು ಹೋಗಿದ್ದರು. ಇನ್ನೂ ಠಾಣೆಯಲ್ಲೇ ಇದೆ.